ಪಹಣಿ ಮೊದಲು, ಪ್ರಶ್ನಾವಳಿ ಆಮೇಲೆ

ಪದವಿ ತರಗತಿಗಳಲ್ಲಿ ನಗರದ ಪಾಠ ಹಲವು ಹೆಸರಿನಲ್ಲಿ ಬರುತ್ತದೆ. ಸಮಾಜಶಾಸ್ತ್ರದವರಿಗೆ ನಗರ ಸಮಾಜಶಾಸ್ತ್ರ, ರಾಜ್ಯಶಾಸ್ತ್ರದವರಿಗೆ ಸ್ಥಳೀಯ ಆಡಳಿತ, ಭೂಗೋಳದವರಿಗೆ ನಗರ ಭೂಗೋಳ, ಅರ್ಥಶಾಸ್ತ್ರದವರಿಗೆ ನಗರ ಅರ್ಥಶಾಸ್ತ್ರ. ಕೆಲವು ವಿಶ್ವವಿದ್ಯಾಲಯಗಳು ಇವನ್ನೆಲ್ಲ ಸೇರಿಸಿ ನಗರ ಅಧ್ಯಯನ ಎಂದೇ ಕಲಿಸುತ್ತವೆ. ಹೆಸರು ಯಾವುದೇ ಇರಲಿ, ಕೊನೆಯಲ್ಲಿ ಒಂದು ಪ್ರಾಜೆಕ್ಟ್ ಇದ್ದೇ ಇರುತ್ತದೆ. ಬಹಳಷ್ಟು ಪ್ರಾಜೆಕ್ಟ್‌ಗಳು ಒಂದೇ ಅಚ್ಚಿನವು: ಗೂಗಲ್ ಫಾರ್ಮ್‌ನಲ್ಲಿ ಇಪ್ಪತ್ತು ಪ್ರಶ್ನೆ, ವಾಟ್ಸ್ಆ್ಯಪ್ ಗುಂಪಿಗೊಂದು ಲಿಂಕ್, ಬಂದ ಐವತ್ತು ಉತ್ತರಗಳಿಂದ ನಾಲ್ಕಾರು ಪೈ ಚಾರ್ಟ್. ‘ನಿಮ್ಮ ಬಡಾವಣೆಯ ಕಸ ವಿಲೇವಾರಿ ನಿಮಗೆ ತೃಪ್ತಿ ತಂದಿದೆಯೇ?’ ಎಂಬ ಪ್ರಶ್ನೆಗೆ ಯಾರು ಏನೇ ಉತ್ತರ ಕೊಟ್ಟರೂ ಆ ಬಡಾವಣೆಯ ಕಸ ಯಾರು ಎತ್ತುತ್ತಾರೆ, ಎಷ್ಟು ಗಂಟೆಗೆ, ಎಲ್ಲಿಗೆ ಒಯ್ಯುತ್ತಾರೆ ಎಂಬುದು ಗೊತ್ತಾಗುವುದಿಲ್ಲ. ಉತ್ತರ ಕೊಟ್ಟವರು ಯಾರ ಪ್ರತಿನಿಧಿಗಳು ಎಂಬುದೂ ಗೊತ್ತಾಗುವುದಿಲ್ಲ. ಸ್ನೇಹಿತರ ಸ್ನೇಹಿತರು, ಅಷ್ಟೇ.

ಪದವಿ ಮಟ್ಟದಲ್ಲಿ ನಗರವನ್ನು ಕಲಿಸುವವರು ಈ ಕ್ರಮವನ್ನೇ ತಿರುವಿಹಾಕಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಮೊದಲು ದಾಖಲೆ ಓದಬೇಕು, ಆಮೇಲೆ ಅಳೆಯಬೇಕು, ಎಣಿಸಬೇಕು. ಜನರ ಅಭಿಪ್ರಾಯ ಕೇಳುವುದು ಕಟ್ಟಕಡೆಗೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಈ ಕ್ರಮ ಹಿಡಿದರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ದೊಡ್ಡ ಅನುಕೂಲವೊಂದಿದೆ. ಈ ಊರುಗಳ ನೆಲದ ದಾಖಲೆಗಳು, ಅದರಲ್ಲೂ ಜಮೀನಿನ ಒಡೆತನ, ವಿಸ್ತೀರ್ಣ, ಬೆಳೆ ಬರೆದಿಡುವ ಪಹಣಿ, ಬಹುಮಟ್ಟಿಗೆ ಕನ್ನಡದಲ್ಲಿವೆ. ಇಂಗ್ಲಿಷ್ ಪಠ್ಯದ ಮುಂದೆ ಹಿಂಜರಿಯುವ ವಿದ್ಯಾರ್ಥಿ ಪಹಣಿಯ ಮುಂದೆ ಹಿಂಜರಿಯಬೇಕಿಲ್ಲ. ರೈತ ಮನೆಯಿಂದ ಬಂದವರಿಗಂತೂ ಗುಂಟೆ, ಖರಾಬು, ಹಿಸ್ಸಾ ಎಲ್ಲ ಮನೆಮಾತು. ಈ ಅರಿವನ್ನು ತರಗತಿ ಬಳಸಿಕೊಳ್ಳದೆ ಬಿಟ್ಟಿರುವುದು ನಿಜವಾದ ನಷ್ಟ.

ಮೊದಲು ಸಮಯದ ಲೆಕ್ಕ. ಯುಜಿಸಿಯ 2022ರ ಚೌಕಟ್ಟಿನಲ್ಲಿ ಉಪನ್ಯಾಸದ ಒಂದು ಕ್ರೆಡಿಟ್‌ಗೆ 15 ಗಂಟೆ, ಪ್ರಾಯೋಗಿಕ ಅಥವಾ ಕ್ಷೇತ್ರಕಾರ್ಯದ ಒಂದು ಕ್ರೆಡಿಟ್‌ಗೆ 30 ಗಂಟೆ. ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಪದವಿಗೆ ಹೋಗಿ 2024ರಲ್ಲಿ ಮೂರು ವರ್ಷಕ್ಕೆ ಮರಳಿದ್ದರಿಂದ ಸಂಶೋಧನೆಗೆಂದೇ ಇದ್ದ ನಾಲ್ಕನೇ ವರ್ಷ ಈಗ ಕೈಗೆ ಸಿಗುವುದಿಲ್ಲ. ಹಾಗಾಗಿ ನಾಲ್ಕು ಕ್ರೆಡಿಟ್‌ನ ಒಂದೇ ಪೇಪರ್‌ನಲ್ಲಿ ಕೆಲಸ ಮುಗಿಯಬೇಕು. ಎರಡು ಕ್ರೆಡಿಟ್ ಪಾಠಕ್ಕೆ, ಎರಡು ಕ್ಷೇತ್ರಕ್ಕೆ ಎಂದು ಇಟ್ಟುಕೊಂಡರೆ ಕ್ಷೇತ್ರಕಾರ್ಯಕ್ಕೆ ತಲೆಗೆ 60 ಗಂಟೆ ಸಿಗುತ್ತದೆ. ಐದು ಜನರ ತಂಡಕ್ಕೆ ಒಟ್ಟು 300 ಗಂಟೆ. ಇದರಲ್ಲಿ ದಾಖಲೆಗೆ 60, ನಕ್ಷೆಗೆ 40, ಮನೆಪಟ್ಟಿಗೆ 60, ಬೀದಿಯ ಎಣಿಕೆಗೆ 50, ಮಾತುಕತೆಗೆ 60, ಬರೆಯಲು 30 ಎಂದು ಹಂಚಬಹುದು. ಬರೆಯಲು 30 ಗಂಟೆ ಸಾಲದು, ಮನೆಯ ಸಮಯ ಅದಕ್ಕೆ ಸೇರಿಯೇ ಸೇರುತ್ತದೆ. ಒಂದು ವಿಷಯ ಮಾತ್ರ ಖಚಿತ: 300 ಗಂಟೆಯಲ್ಲಿ ‘ಬೆಂಗಳೂರಿನ ವಲಸೆ’ಯನ್ನು ಅಧ್ಯಯನ ಮಾಡಲಾಗದು. ಸುಮಾರು 200 ಮೀಟರ್ ಉದ್ದದ ಒಂದು ಬೀದಿ ಮತ್ತು ಅದರ ಅಕ್ಕಪಕ್ಕದ ಅಡ್ಡರಸ್ತೆಗಳನ್ನು ಚೆನ್ನಾಗಿ ಮಾಡಬಹುದು.

ಬೀದಿ ಆಯ್ದ ಕೂಡಲೇ ಕೇಳಬೇಕಾದ ಪ್ರಶ್ನೆ, ಇದು ಯಾವ ಸರ್ವೆ ನಂಬರ್? ಬೆಂಗಳೂರನ್ನೇ ನೋಡಿ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆದಾಗ ಹಳೆಯ ನಗರ ಪಾಲಿಕೆಗೆ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳು ಸೇರಿದವು. ಅಂದರೆ ಇಂದಿನ ಬೆಂಗಳೂರಿನ ಹೊರವಲಯದ ಬಹುಪಾಲು ಬೀದಿಗಳ ಕೆಳಗೆ ಕಂದಾಯ ಗ್ರಾಮವೊಂದಿದೆ. ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಬೀದಿಯಲ್ಲಿ ನಿಂತರೆ ಗ್ರಾಮದ ಹೆಸರು, ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರ್ ಹಿಡಿದು ಭೂಮಿ ತಾಣದಲ್ಲಿ ಪಹಣಿ ನೋಡಬಹುದು, ಕಂದಾಯ ಇಲಾಖೆಯ ತಾಣದಿಂದ ಗ್ರಾಮ ನಕ್ಷೆ ಇಳಿಸಿಕೊಳ್ಳಬಹುದು. ಗಣಕೀಕರಣಕ್ಕೆ ಮುಂಚಿನ ಕೈಬರಹದ ಪಹಣಿ ಬೇಕಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು.

ಪಹಣಿಯಲ್ಲಿ ಹೊಸಬರು ನೋಡಬೇಕಾದದ್ದು ನಾಲ್ಕು ಕಡೆ. ಹಿಸ್ಸಾ ನಂಬರ್: ಒಂದು ಸರ್ವೆ ನಂಬರ್ ಎಷ್ಟು ತುಂಡಾಗಿದೆ ಎಂಬುದು ಮನೆ ಪಾಲು ಮತ್ತು ಮಾರಾಟ ಎರಡರ ಚರಿತ್ರೆಯನ್ನೂ ಹೇಳುತ್ತದೆ. ಮೂರನೇ ಕಾಲಂನ ವಿಸ್ತೀರ್ಣ: ಒಟ್ಟು ಎಷ್ಟು, ಅದರಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ‘ಎ’ ಎಷ್ಟು, ‘ಬಿ’ ಎಷ್ಟು ಎಂದು ಬೇರೆ ಬೇರೆ ಬರೆದಿರುತ್ತದೆ. ‘ಬಿ’ ಖರಾಬು ಎಂದರೆ ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಜಾಗ. ಮಳೆ ಬಂದಾಗ ನೀರು ನುಗ್ಗುವ ಬೀದಿಗಳ ಕಾರಣ ಎಷ್ಟೋ ಸಲ ಈ ಕಾಲಂನಲ್ಲೇ ಸಿಗುತ್ತದೆ. ಒಂಬತ್ತು ಮತ್ತು ಹತ್ತನೇ ಕಾಲಂ: ಯಾರ ಹೆಸರಿನಲ್ಲಿದೆ, ಅವರಿಗೆ ಹೇಗೆ ಬಂತು, ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರ್ ಏನು. ಹನ್ನೊಂದನೇ ಕಾಲಂ: ಇತರ ಹಕ್ಕುಗಳು ಮತ್ತು ಋಣಗಳು. ಹತ್ತು ಹದಿನೈದು ವರ್ಷಗಳ ಪಹಣಿಯನ್ನು ಸಾಲಾಗಿ ಇಟ್ಟು ಓದಿದರೆ ರಾಗಿ ಹೊಲ ನಿವೇಶನವಾದದ್ದು ಯಾವ ವರ್ಷ, ಅದಕ್ಕೂ ಮುಂಚೆ ಸಾಲ ಇತ್ತೇ, ಭೂಪರಿವರ್ತನೆ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ) ಆಗಿತ್ತೇ ಎಂಬುದು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಮಾಲೀಕರ ಹೆಸರನ್ನು ಮಾತ್ರ ವರದಿಗೆ ತರಬಾರದು. ‘ಹಿಸ್ಸಾ 2ರ ಹಿಡುವಳಿದಾರ’ ಎಂದರೆ ಸಾಕು. ದಾಖಲೆ ಸಾರ್ವಜನಿಕವೇ ಆದರೂ ವಿದ್ಯಾರ್ಥಿಯ ವರದಿಯಿಂದ ಒಂದು ಮನೆಯ ಪಾಲಿನ ಜಗಳ ಬೀದಿಗೆ ಬರಬೇಕಿಲ್ಲ.

ಇಲ್ಲಿಯೇ ಮಾಡಿಸಬೇಕಾದ ಒಂದು ಲೆಕ್ಕವಿದೆ. ಒಂದು ಗುಂಟೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ, 43,560 ಚದರಡಿ. ಮೂವತ್ತು ನಲವತ್ತರ ಸೈಟ್ 1,200 ಚದರಡಿ. ರಸ್ತೆ, ಉದ್ಯಾನ, ಶಾಲೆ ಆಟದ ಮೈದಾನಕ್ಕೆಂದು ಅರ್ಧ ಜಾಗ ಬಿಟ್ಟು ಲೇಔಟ್ ಮಾಡಿದರೆ ಎಕರೆಗೆ 18 ಸೈಟ್ ಏಳುತ್ತವೆ. ಕಿರಿದಾದ ರಸ್ತೆಗೆ ಕಾಲು ಭಾಗ ಮಾತ್ರ ಬಿಟ್ಟು ಉಳಿದದ್ದನ್ನೆಲ್ಲ ಕತ್ತರಿಸಿದರೆ 27. ಭೂಪರಿವರ್ತನೆ ಇಲ್ಲದೆ ಹೀಗೆ ಕೃಷಿ ಜಮೀನನ್ನೇ ಸೈಟ್ ಮಾಡಿ ಮಾರುವುದನ್ನು ರೆವಿನ್ಯೂ ಲೇಔಟ್ ಎನ್ನುತ್ತಾರೆ. ರೆವಿನ್ಯೂ ಲೇಔಟ್‌ನ ಅರ್ಥಶಾಸ್ತ್ರ ಈ ಒಂಬತ್ತು ಸೈಟ್‌ಗಳಲ್ಲಿದೆ. ಭೂಪರಿವರ್ತನೆಯ ಖರ್ಚಿಲ್ಲ, ಉದ್ಯಾನಕ್ಕೆ ಬಿಟ್ಟ ಜಾಗವಿಲ್ಲ. ಹಾಗಾಗಿ ಸೈಟಿನ ದರ ಕಡಿಮೆ, ಕೈಯಲ್ಲಿ ಸ್ವಲ್ಪ ಹಣ ಇದ್ದ ಕುಟುಂಬಕ್ಕೆ ಅದೊಂದೇ ನಿಲುಕುವುದು. ಮುಂದೆ ಬಿ ಖಾತಾ (ನಿಯಮ ಪಾಲಿಸದ ಆಸ್ತಿಗಳಿಗೆ ಪಾಲಿಕೆ ಇಡುವ ಪ್ರತ್ಯೇಕ ಖಾತೆ), ಬ್ಯಾಂಕ್ ಸಾಲ ಸಿಗದಿರುವುದು, ಮಕ್ಕಳಿಗೆ ಆಟದ ಜಾಗ ಇಲ್ಲದಿರುವುದು ಎಲ್ಲವೂ ಈ ಲೆಕ್ಕದ ಹಿಂದೆಯೇ ಬರುತ್ತವೆ. ‘ಅಕ್ರಮ ಬಡಾವಣೆ’ ಎಂದು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗುವ ವಿದ್ಯಾರ್ಥಿ ಈ ಲೆಕ್ಕ ಮಾಡಿದ ಮೇಲೆ ಹಾಗೆ ಬರೆಯಲಾರ.

ಗ್ರಾಮ ನಕ್ಷೆಯನ್ನು ಇಂದಿನ ನಕ್ಷೆಯ ಮೇಲೆ ಕೂರಿಸುವುದು ಮುಂದಿನ ಕೆಲಸ. ಉಚಿತವಾಗಿ ಸಿಗುವ ಕ್ಯೂಜಿಐಎಸ್ ತಂತ್ರಾಂಶ ಇದಕ್ಕೆ ಸಾಕು. ಹಳೆಯ ಗ್ರಾಮ ನಕ್ಷೆಗಳ ಅಳತೆ 1:7,920, ಅಂದರೆ ಕಾಗದದ ಒಂದು ಇಂಚು ನೆಲದ ಮೇಲೆ 660 ಅಡಿ. ಎರಡೂ ನಕ್ಷೆಯಲ್ಲಿ ಗುರುತಿಸಬಹುದಾದ ಕನಿಷ್ಠ ಆರು ಬಿಂದುಗಳು ಬೇಕು: ಹಳೆಯ ದೇವಸ್ಥಾನ, ಕೆರೆ ಏರಿಯ ತುದಿ, ಗ್ರಾಮಠಾಣದ (ಹಳೆಯ ಊರಿನ ಮನೆಗಳಿದ್ದ ಜಾಗದ) ಮೂಲೆ, ಮೂರು ಊರಿನ ಗಡಿ ಕೂಡುವ ಕಲ್ಲು. ಸಾಮಾನ್ಯವಾಗಿ ಎಡವುವುದು ರಸ್ತೆ ಕೂಡುವ ಜಾಗಗಳನ್ನು ಬಿಂದುವಾಗಿ ಹಿಡಿದಾಗ. ರಸ್ತೆಗಳು ನೇರವಾಗಿವೆ, ಅಗಲವಾಗಿವೆ, ಸರಿದಿವೆ. ಬಿಂದುಗಳೆಲ್ಲ ಒಂದೇ ಮೂಲೆಯಲ್ಲಿದ್ದರೂ ನಕ್ಷೆ ಸೊಟ್ಟಗಾಗುತ್ತದೆ. ಎಷ್ಟೇ ಜಾಗ್ರತೆ ವಹಿಸಿದರೂ ಹತ್ತಾರು ಮೀಟರ್ ವ್ಯತ್ಯಾಸ ಉಳಿಯಬಹುದು. ಆದ್ದರಿಂದ ‘ಈ ಮನೆ ರಾಜಕಾಲುವೆಯ ಮೇಲಿದೆ’ ಎಂದು ಯಾರೂ ಬರೆಯಕೂಡದು. ಅದನ್ನು ಹೇಳುವ ಅಧಿಕಾರ ಸರ್ವೇಯರ್‌ನದು. ತಪ್ಪಾದ ಒಂದು ಗೆರೆಯಿಂದ ಒಂದು ಸಂಸಾರ ರಾತ್ರಿ ನಿದ್ದೆಗೆಡುತ್ತದೆ.

ಮನೆಪಟ್ಟಿಯ ಮೊದಲ ಪ್ರಶ್ನೆ: ಮನೆ ಎಂದರೇನು? ಜನಗಣತಿ ಕಟ್ಟಡವನ್ನೂ ಕುಟುಂಬವನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ. ವಠಾರದಲ್ಲಿ ಒಂದು ಬಾಗಿಲ ನಂಬರಿನ ಹಿಂದೆ ಎಂಟು ಅಡುಗೆ ನಡೆಯಬಹುದು, ಪಿಜಿಯಲ್ಲಿ ಒಂದೇ ಅಡುಗೆಗೆ ಅರವತ್ತು ಜನ ಇರಬಹುದು. ಎಣಿಕೆ ಸರಿಯಿದೆಯೇ ಎಂದು ನೋಡಲು ಸುಲಭದ ಉಪಾಯ ಕರೆಂಟ್ ಮೀಟರ್‌ಗಳು. ಮೆಟ್ಟಿಲ ಕೆಳಗಿನ ಗೋಡೆಯಲ್ಲಿ ಆರು ಮೀಟರ್ ಇದ್ದು ಪಟ್ಟಿಯಲ್ಲಿ ನಾಲ್ಕೇ ಕುಟುಂಬ ಇದ್ದರೆ ಮತ್ತೆ ಕೇಳಬೇಕು. ಹಾಗೆಂದು ಮೀಟರ್ ಎಣಿಸಿಯೇ ಬಿಟ್ಟರೂ ತಪ್ಪು. ತಾರಸಿಯ ಶೀಟಿನ ಮನೆಗೆ ಪ್ರತ್ಯೇಕ ಮೀಟರ್ ಇರುವುದು ಕಡಿಮೆ, ಓನರ್ ಮೀಟರಿನಿಂದಲೇ ವೈರ್ ಎಳೆದಿರುತ್ತಾರೆ.

ಪಟ್ಟಿಯಲ್ಲಿ 240 ಕುಟುಂಬ ಇವೆ, 40 ಮನೆಗೆ ಹೋಗುವ ಶಕ್ತಿ ಇದೆ ಎಂದುಕೊಳ್ಳಿ. ಆರಕ್ಕೊಂದು. ಒಂದರಿಂದ ಆರರೊಳಗೆ ಚೀಟಿ ಎತ್ತಿ ಮೂರು ಬಂದರೆ 3, 9, 15, 21 ಹೀಗೆ ಹೋಗುವುದು. ವಿಧಾನ ಇಷ್ಟೇ, ಆದರೆ ಕೆಡುವುದು ಬೀಗದ ಬಾಗಿಲ ಮುಂದೆ. ಮಧ್ಯಾಹ್ನ ಹನ್ನೆರಡಕ್ಕೆ ಹೋದ ತಂಡ ಬೀಗ ಕಂಡ ಕೂಡಲೇ ಪಕ್ಕದ ಮನೆ ಬಡಿಯುತ್ತದೆ. ಪಕ್ಕದ ಮನೆಯಲ್ಲಿ ಅಜ್ಜಿ ಇರುತ್ತಾರೆ, ಉತ್ತರ ಸಿಗುತ್ತದೆ, ಸಂಖ್ಯೆ ತುಂಬುತ್ತದೆ. ಹೀಗೆ ಹತ್ತು ಮನೆ ಬದಲಾಯಿಸಿದರೆ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು, ಎರಡು ಪಾಳಿ ಓಡಿಸುವ ಆಟೋದವರು, ಡೆಲಿವರಿ ಹುಡುಗರು ಅಧ್ಯಯನದಿಂದಲೇ ಮಾಯ. ಆಮೇಲೆ ‘ಈ ಬೀದಿಯಲ್ಲಿ ದುಡಿಯುವ ಮಹಿಳೆಯರು ಕಡಿಮೆ’ ಎಂಬ ತೀರ್ಮಾನ. ಬೀಗ ಇದ್ದ ಮನೆಗೇ ಮೂರು ಸಲ ಹೋಗಬೇಕು. ಅದರಲ್ಲಿ ಒಂದು ಸಂಜೆ ಏಳರ ಮೇಲೆ, ಒಂದು ಭಾನುವಾರ. ಆಗಲೂ ಸಿಗದಿದ್ದರೆ ‘ಸಿಗಲಿಲ್ಲ’ ಎಂದು ಬರೆಯಬೇಕು, ಬದಲಿ ಮನೆ ತುಂಬಬಾರದು. 40ರಲ್ಲಿ 33 ಸಿಕ್ಕಿತು ಎಂದು ಒಪ್ಪಿ ಬರೆದ ವರದಿಗೆ ನಾನಾದರೆ ಹೆಚ್ಚು ಅಂಕ ಕೊಡುತ್ತೇನೆ.

ಬೀದಿ ವ್ಯಾಪಾರಿಗಳ ಎಣಿಕೆಯಲ್ಲೂ ಸಮಯವೇ ಮುಖ್ಯ. ಸೊಪ್ಪಿನವರು ಬೆಳಗ್ಗೆ ಒಂಬತ್ತಕ್ಕೆಲ್ಲ ಎದ್ದು ಹೋಗಿರುತ್ತಾರೆ, ಗೋಬಿ ಮಂಚೂರಿ ಗಾಡಿ ಬರುವುದು ಸಂಜೆ ಐದಕ್ಕೆ. ಬೆಳಗ್ಗೆ ಏಳು, ಮಧ್ಯಾಹ್ನ ಒಂದು, ಸಂಜೆ ಏಳು, ಈ ಮೂರು ಹೊತ್ತಿನಲ್ಲಿ, ಒಂದು ವಾರದ ದಿನ ಮತ್ತು ಒಂದು ಭಾನುವಾರ ಎಣಿಸಬೇಕು. ಜಾಗ, ಸರಕು, ತಳ್ಳುಗಾಡಿಯೋ ನೆಲದ ಮೇಲೋ ತಲೆಹೊರೆಯೋ ಎಂದು ಬರೆದುಕೊಳ್ಳಬೇಕು. ಇದು ಬರೀ ಅಭ್ಯಾಸದ ಮಾತಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ವ್ಯಾಪಾರಿಯ ರಕ್ಷಣೆ ಸಮೀಕ್ಷೆಯಿಂದಲೇ ಶುರುವಾಗುತ್ತದೆ. ಸಮೀಕ್ಷೆಯಲ್ಲಿ ಗುರುತಿಸಿದವರನ್ನು ವಾರ್ಡ್ ಅಥವಾ ವಲಯದ ಜನಸಂಖ್ಯೆಯ 2.5% ಮಿತಿಯೊಳಗೆ ಕೂರಿಸಿಕೊಳ್ಳಬೇಕು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40% ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಮಧ್ಯಾಹ್ನ ಮಾತ್ರ ಬಂದು ಎಣಿಸಿ ಹೋದ ಸಮೀಕ್ಷೆ ಬೆಳಗಿನ ಸೊಪ್ಪಿನವರ ಹಕ್ಕನ್ನೇ ತಿಂದುಹಾಕುತ್ತದೆ. ಆದಾಯವನ್ನು ನೇರವಾಗಿ ಕೇಳಿದರೆ ಸರಿಯಾದ ಸಂಖ್ಯೆ ಬರುವುದಿಲ್ಲ. ನಿನ್ನೆ ಮಾರ್ಕೆಟ್‌ನಿಂದ ಎಷ್ಟಕ್ಕೆ ಮಾಲು ತಂದಿರಿ, ಎಷ್ಟು ಉಳಿಯಿತು, ಆಟೋಗೆಷ್ಟು, ಮೀಟರ್ ಬಡ್ಡಿಯಲ್ಲಿ ತೆಗೆದಿದ್ದರೆ ಬೆಳಗ್ಗೆ ಕೈಗೆ ಬಂದದ್ದೆಷ್ಟು, ಸಂಜೆ ವಾಪಸ್ ಕೊಟ್ಟದ್ದೆಷ್ಟು, ಹೀಗೆ ನಿನ್ನೆಯ ಒಂದು ದಿನವನ್ನು ಮಾತ್ರ ಕೇಳಿದರೆ ಉತ್ತರ ತಾನಾಗಿ ಕೂಡಿಬರುತ್ತದೆ.

ತರಗತಿಯ ಒಳಗೆ ಮಾಡಿಸಬಹುದಾದ ಅಭ್ಯಾಸಗಳಲ್ಲಿ ಎರಡು ನನಗೆ ಬಹಳ ಮುಖ್ಯ ಅನಿಸುತ್ತವೆ.

ಮೊದಲನೆಯದು ಜನಗಣತಿ ಪಟ್ಟಣದ ಲೆಕ್ಕ. ಜನಸಂಖ್ಯೆ ಕನಿಷ್ಠ 5,000, ದುಡಿಯುವ ಗಂಡಸರಲ್ಲಿ ಕನಿಷ್ಠ 75% ಕೃಷಿಯೇತರ ಕೆಲಸದಲ್ಲಿ, ಚದರ ಕಿಲೋಮೀಟರಿಗೆ ಕನಿಷ್ಠ 400 ಜನ. ಈ ಮೂರೂ ಇದ್ದರೆ ಗ್ರಾಮ ಪಂಚಾಯ್ತಿಯಡಿ ಇದ್ದರೂ ಜನಗಣತಿಯ ಲೆಕ್ಕದಲ್ಲಿ ಅದು ಪಟ್ಟಣ. ಇಂಥ ಊರುಗಳು 2001ರಲ್ಲಿ 1,362 ಇದ್ದದ್ದು 2011ರಲ್ಲಿ ಸುಮಾರು 3,900 ಆದವು. ಕಲ್ಪಿತ ಊರೊಂದನ್ನು ತೆಗೆದುಕೊಳ್ಳಿ: 6,200 ಜನ, 12 ಚದರ ಕಿಲೋಮೀಟರ್, 1,900 ಗಂಡಸರು ಮುಖ್ಯ ದುಡಿಮೆಗಾರರು, ಅವರಲ್ಲಿ 1,450 ಜನ ಕೃಷಿಯೇತರರು. ಸಾಂದ್ರತೆ 517, ಕೃಷಿಯೇತರ ಪಾಲು 76.3%. ಪಟ್ಟಣವಾಯಿತು. ಇದರಲ್ಲಿ 60 ಜನ ‘ಬೇಸಾಯ’ ಎಂದು ಬರೆಸಿದ್ದರೆ ಪಾಲು 73.2%, ಊರು ಹಳ್ಳಿಯಾಗಿಯೇ ಉಳಿಯುತ್ತದೆ. ಅದೇ ಮನೆ, ಅದೇ ರಸ್ತೆ. ಹೆಂಗಸರ ದುಡಿಮೆ ಈ ಅಳತೆಯಲ್ಲಿ ಬರುವುದೇ ಇಲ್ಲ ಎಂಬುದನ್ನು ವಿದ್ಯಾರ್ಥಿಗಳು ತಾವೇ ಗಮನಿಸುತ್ತಾರೆ, ಅಲ್ಲಿಂದ ಒಳ್ಳೆಯ ಚರ್ಚೆ ಹುಟ್ಟುತ್ತದೆ. 2021ರ ಜನಗಣತಿ ನಡೆಯದೆ ಮುಂದಿನದು 2027ಕ್ಕೆ ನಿಗದಿಯಾಗಿರುವುದರಿಂದ ಎಲ್ಲರೂ ಇನ್ನೂ 2011ರ ಅಂಕಿಯನ್ನೇ ಹಿಡಿದಿದ್ದಾರೆ. ಬೆಂಗಳೂರಿನಲ್ಲಂತೂ ಆಗಿನ 198 ವಾರ್ಡ್‌ಗಳ ಗಡಿ ಮತ್ತೆ ಮತ್ತೆ ಬದಲಾಗಿ, 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳೇ ಆಗಿವೆ. ವಾರ್ಡ್ ಹೆಸರು ಒಂದೇ ಇದೆ ಎಂದು 2011ರ ಅಂಕಿಯನ್ನು ಇಂದಿನ ವಾರ್ಡ್‌ಗೆ ಹೊಂದಿಸಿದರೆ ಇಡೀ ಹೋಲಿಕೆ ಹಾಳು. ಕಂದಾಯ ಗ್ರಾಮದ ಗಡಿ ಇದಕ್ಕಿಂತ ಎಷ್ಟೋ ಸ್ಥಿರ. ಪಹಣಿಯಿಂದ ಶುರು ಮಾಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು 18 ಕೆಲಸಗಳ ಪಟ್ಟಿ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು, ಅದರ ಹನ್ನೆರಡನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಒಪ್ಪಿಸಬಹುದಾದ 18 ವಿಷಯಗಳಿವೆ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿಸುತ್ತಾರೆ. ಅದರ ಬದಲು ಒಂದೊಂದರ ಎದುರು ‘ನಮ್ಮ ಬೀದಿಯಲ್ಲಿ ಇದನ್ನು ಮಾಡುವವರು ಯಾರು?’ ಎಂದು ಬರೆಸಬೇಕು. ನೀರು: 1964ರಲ್ಲಿ ಹುಟ್ಟಿದ ಜಲಮಂಡಳಿ. ಅಗ್ನಿಶಾಮಕ: ರಾಜ್ಯ ಇಲಾಖೆ. ಕೊಳೆಗೇರಿ ಸುಧಾರಣೆ: ಕೊಳಗೇರಿ ಅಭಿವೃದ್ಧಿ ಮಂಡಳಿ. ಬಡಾವಣೆ ಯೋಜನೆ: 1976ರಿಂದ ದಶಕಗಳ ಕಾಲ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ). ಬಸ್ಸು ಬಿಎಂಟಿಸಿಯದು, ತಂಗುದಾಣ ಬೇರೆಯವರದು. ಪಟ್ಟಿ ಮುಗಿಯುವ ಹೊತ್ತಿಗೆ ಕಾರ್ಪೊರೇಟರ್ ಕೈಯಲ್ಲಿ ಎಷ್ಟು ಉಳಿದಿದೆ ಎಂದು ಕಣ್ಣಿಗೆ ಕಾಣುತ್ತದೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್‌ನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ ಹದಿನೇಳು ವರ್ಷ ಬೋರ್‌ವೆಲ್ ಮತ್ತು ಟ್ಯಾಂಕರ್. ಆ ವರ್ಷಗಳಲ್ಲಿ ಯಾರಿಗೆ ದೂರು ಕೊಡಬೇಕೆಂದು ಜನರಿಗೆ ಏಕೆ ತಿಳಿಯಲಿಲ್ಲ ಎಂಬುದಕ್ಕೆ ಉತ್ತರ ಈ ಪಟ್ಟಿಯಲ್ಲೇ ಇದೆ.

ಸಿದ್ಧಾಂತ ಬೇಡವೆಂದು ಇದರ ಅರ್ಥವಲ್ಲ. ನಗರ ನಡುವಿನಿಂದ ಹೊರಕ್ಕೆ ವೃತ್ತ ವೃತ್ತವಾಗಿ ಬೆಳೆಯುತ್ತದೆ ಎಂದು ಚಿಕಾಗೋದ ಸಮಾಜಶಾಸ್ತ್ರಜ್ಞ ಬರ್ಗೆಸ್ 1925ರಲ್ಲಿ ಬರೆದ ವೃತ್ತಗಳೊಳಗಿನ ವೃತ್ತದ ನಕ್ಷೆಯನ್ನು ಬೆಂಗಳೂರಿನ ಮೇಲಿಟ್ಟು ನೋಡಲಿ. ಹಳೆಯ ಪೇಟೆ ಒಂದು ಕಡೆ, ಬ್ರಿಟಿಷರ ದಂಡು ಪ್ರದೇಶ (ಕಂಟೋನ್ಮೆಂಟ್) ಇನ್ನೊಂದು ಕಡೆ, ಎರಡರ ಆಡಳಿತ ಒಂದಾದದ್ದು 1949ರಲ್ಲಿ. 1898ರ ಪ್ಲೇಗ್‌ನ ಹಿನ್ನೆಲೆಯಲ್ಲಿ ಬಸವನಗುಡಿ, ಮಲ್ಲೇಶ್ವರ ಎದ್ದವು. ವೃತ್ತ ಎಲ್ಲಿ ಮುರಿಯುತ್ತದೆ, ಏಕೆ ಮುರಿಯುತ್ತದೆ ಎಂದು ವಿವರಿಸುವ ಹೊತ್ತಿಗೆ ಸಿದ್ಧಾಂತವೂ ಇತಿಹಾಸವೂ ಒಟ್ಟಿಗೆ ತಲೆಗೆ ಹೋಗಿರುತ್ತವೆ. ಮುಂಬೈ ವಿಶ್ವವಿದ್ಯಾಲಯದಲ್ಲಿ 1919ರಲ್ಲಿ ಸಮಾಜಶಾಸ್ತ್ರ ವಿಭಾಗ ಶುರುವಾದಾಗ ಅದರ ಮೊದಲ ಮುಖ್ಯಸ್ಥರಾಗಿದ್ದವರು ನಗರ ಯೋಜಕ ಪ್ಯಾಟ್ರಿಕ್ ಗೆಡ್ಡೆಸ್. ಯೋಜನೆಗೆ ಮುಂಚೆ ನಡೆದು ನೋಡಿ ಸಮೀಕ್ಷೆ ಮಾಡಬೇಕೆಂಬುದು ಅವರ ಹಟ. ಬೀದಿಗಿಳಿಯುವುದು ನಮ್ಮ ಸಮಾಜ ವಿಜ್ಞಾನಕ್ಕೆ ಹೊರಗಿನದೇನಲ್ಲ.

ಮಾಹಿತಿ ಹಕ್ಕಿನ ಅರ್ಜಿಯನ್ನು ಸೆಮಿಸ್ಟರ್‌ನ ಎರಡನೇ ವಾರದಲ್ಲೇ ಹಾಕಬೇಕು. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ನಮ್ಮ ವಾರ್ಡ್‌ನಲ್ಲಿ ರಸ್ತೆ ಏಕೆ ಕೆಟ್ಟಿದೆ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಏಕೆಂದರೆ ಕೊಡಬೇಕಾದದ್ದು ಇರುವ ದಾಖಲೆಯನ್ನು, ವಿವರಣೆಯನ್ನಲ್ಲ. ಇಂಥ ರಸ್ತೆಯ ಇಂಥ ವರ್ಷದ ಕಾಮಗಾರಿ ಬಿಲ್ ಮತ್ತು ಅಳತೆ ಪುಸ್ತಕದ ಪ್ರತಿ ಎಂದು ಕೇಳಬೇಕು. ಮೊದಲ ಮೇಲ್ಮನವಿಗೆ ಹೋದರೆ ಸೆಮಿಸ್ಟರ್ ಮುಗಿದಿರುತ್ತದೆ, ಆದ್ದರಿಂದ ವರದಿ ಅದರ ಮೇಲೆ ನಿಲ್ಲದಂತೆ ಯೋಜಿಸಿಕೊಳ್ಳುವುದು ಲೇಸು.

ಇಷ್ಟಾದ ಮೇಲೆ ಮಾತುಕತೆ. ಕಾಗದ ಹಿಡಿದು ಬಂದವರನ್ನು ಕಂಡರೆ ಜನ ಎರಡು ರೀತಿ ಯೋಚಿಸುತ್ತಾರೆ: ಮನೆ ತೆರವು ಮಾಡಿಸಲು ಬಂದಿರಬಹುದು, ಇಲ್ಲವೇ ರೇಷನ್ ಕಾರ್ಡು, ಹಕ್ಕುಪತ್ರ ಕೊಡಿಸಲು ಬಂದಿರಬಹುದು. ಎರಡೂ ಉತ್ತರವನ್ನು ಕೆಡಿಸುತ್ತವೆ. ಮೊದಲ ಎರಡು ಭೇಟಿಯಲ್ಲಿ ಕಾಗದವನ್ನೇ ಹೊರತೆಗೆಯಬಾರದು. ಯಾವ ಕಾಲೇಜು, ಏತಕ್ಕೆ, ಇದರಿಂದ ಅವರಿಗೆ ಏನೂ ಸಿಗುವುದಿಲ್ಲ, ಉತ್ತರಿಸದಿದ್ದರೂ ನಡೆಯುತ್ತದೆ ಎಂಬ ನಾಲ್ಕು ಮಾತನ್ನು ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿಯಲ್ಲಿ ಬರೆದ ಒಂದು ಚೀಟಿ ಇರಲಿ. ಆಧಾರ್ ನಂಬರ್ ಬೇಡ, ಮಕ್ಕಳ ಫೋಟೋ ಬೇಡ. ಕೇಳುವ ಪ್ರಶ್ನೆಯೂ ಈಗ ಬದಲಾಗಿರುತ್ತದೆ. ‘ನೀರಿನ ವ್ಯವಸ್ಥೆ ಹೇಗಿದೆ?’ ಎನ್ನುವ ಬದಲು ‘ನಿನ್ನೆ ನೀರು ಎಷ್ಟು ಗಂಟೆಗೆ ಬಂತು, ಯಾರು ಹಿಡಿದರು, ಎಷ್ಟು ಬಿಂದಿಗೆ?’ ಎಂದು ಕೇಳಲು ಬರುತ್ತದೆ.

ಮುಂದೇನು ಎಂದು ಕೇಳುವ ವಿದ್ಯಾರ್ಥಿಗಳಿಗೆ ಸ್ಪಷ್ಟವಾಗಿ ಹೇಳಬೇಕಾದ ಮಾತೊಂದಿದೆ. ಬಿಎ ಮುಗಿಸಿದ ತಕ್ಷಣ ನಗರ ಯೋಜಕರಾಗಲು ಆಗುವುದಿಲ್ಲ. ನಗರ ಯೋಜನೆಯ ಸ್ನಾತಕೋತ್ತರ ಪದವಿಗೆ ಅನೇಕ ಕಡೆ ಬಿ.ಪ್ಲಾನ್, ಆರ್ಕಿಟೆಕ್ಚರ್ ಅಥವಾ ಸಿವಿಲ್ ಪದವಿ ಕೇಳುತ್ತಾರೆ. ಸಮಾಜ ವಿಜ್ಞಾನದವರಾದರೆ ಭೂಗೋಳ, ಅರ್ಥಶಾಸ್ತ್ರ ಅಥವಾ ಸಮಾಜಶಾಸ್ತ್ರದ ಎಂಎ ಬೇಕಾಗುತ್ತದೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಫಾರ್ ಹ್ಯೂಮನ್ ಸೆಟ್ಲ್‌ಮೆಂಟ್ಸ್, ಅಂದರೆ ಐಐಎಚ್‌ಎಸ್‌ನಂಥ ಸಂಸ್ಥೆಗಳಿಗೆ, ನಗರ ಅಧ್ಯಯನದ ಎಂಎಗಳಿಗೆ ಬೇರೆ ಬೇರೆ ಅರ್ಹತೆಗಳಿವೆ, ಆಯಾ ವರ್ಷದ ಪ್ರಕಟಣೆಯನ್ನೇ ನೋಡಬೇಕು. ಎಲ್ಲಿಗೇ ಅರ್ಜಿ ಹಾಕಲಿ, ಜೊತೆಗೆ ತೋರಿಸಲು ಒಂದು ಬೀದಿಯ ಪಹಣಿ ಸರಣಿ, ಕೂರಿಸಿದ ಗ್ರಾಮ ನಕ್ಷೆ, ಮನೆಪಟ್ಟಿ, ಮೂರು ಹೊತ್ತಿನ ಎಣಿಕೆ ಇರಲಿ. ಅವನ್ನು ಹೆಸರುಗಳನ್ನು ತೆಗೆದು, ತಾರೀಕು ಹಾಕಿ, ಕಾಲೇಜಿನ ಗ್ರಂಥಾಲಯದಲ್ಲೂ ಒಂದು ಪ್ರತಿ ಇಡಬೇಕು. ಎಣಿಸಿದ ಹೊತ್ತು, ಬಿಂದುಗಳ ಆಯ್ಕೆ, ಸಿಗದ ಮನೆಗಳ ಸಂಖ್ಯೆ ಎಲ್ಲ ಅದರಲ್ಲಿ ಬರೆದಿದ್ದರೆ ಮುಂದಿನ ವರ್ಷದ ತಂಡ ಅದೇ ಬೀದಿಯನ್ನು ಅದೇ ವಿಧಾನದಲ್ಲಿ ಮತ್ತೆ ಎಣಿಸಬಹುದು. 2027ರ ಜನಗಣತಿಯ ಅಂಕಿಗಳು ಬಂದಾಗ ಪಕ್ಕದಲ್ಲಿಟ್ಟು ನೋಡಲು ಆ ಕಾಲೇಜಿನ ಕೈಯಲ್ಲಿ ತನ್ನದೇ ಲೆಕ್ಕವೂ ಇರುತ್ತದೆ.